ಹಠಮಾರಿ ಮಕ್ಕಳೂ ಬಳ್ಳಾರಿಯ ಪಾಠವೂ

ಬಳ್ಳಾರಿ ನಗರದ ಒಂದು ಭಾಗಕ್ಕೆ ಇಂದಿಗೂ ಕಂಟೋನ್ಮೆಂಟ್ ಎಂದೇ ಹೆಸರು. 1800ರಲ್ಲಿ ಹೈದರಾಬಾದಿನ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ತರುವಾಯ ಇಲ್ಲಿ ದಂಡು ನೆಲೆಯೂರಿತು. ಆ ದಂಡು ಹೋಯಿತು, ಹೆಸರು ಉಳಿಯಿತು. ಈಗ ಜಿಲ್ಲೆಯ ಜನ ಅತ್ತ ಹೋಗುವುದು ಹೆಚ್ಚಾಗಿ ಆಸ್ಪತ್ರೆಗಾಗಿ. 1961ರಲ್ಲಿ ಪ್ರಾರಂಭವಾಗಿ, ಬಹುಕಾಲ ‘ವಿಮ್ಸ್’ ಎಂಬ ಹೆಸರಿನಿಂದ ಮನೆಮಾತಾಗಿದ್ದ ವೈದ್ಯಕೀಯ ಕಾಲೇಜು ಅಲ್ಲಿದೆ. ಸಿರುಗುಪ್ಪದ ಭತ್ತದ ಬಯಲಿನಿಂದಲೂ ಕುರುಗೋಡಿನ ಹಳ್ಳಿಗಳಿಂದಲೂ ಬೆಳಗಿನ ಬಸ್ಸು ಹಿಡಿದು ಬಂದವರು ಚೀಟಿ ಮಾಡಿಸಿ ಅಲ್ಲಿ ಸಾಲಾಗಿ ನಿಲ್ಲುತ್ತಾರೆ.

ಆ ಸಾಲಿನಲ್ಲಿ ತಾಯಿಯ ಪಕ್ಕದಲ್ಲಿ ನಿಂತಿರುವ ಹತ್ತು ವರ್ಷದ ಹುಡುಗನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಅವನಿಗೆ ಜ್ವರವಿಲ್ಲ, ಮೈಮೇಲೆ ಗಾಯವಿಲ್ಲ. ಆದರೆ ಶಾಲೆಗೆ ಹೊರಡು ಎಂದರೆ ಹೊಟ್ಟೆನೋವು ಎನ್ನುತ್ತಾನೆ. ಹೋದರೆ ಜೊತೆಯ ಹುಡುಗರನ್ನು ಹೊಡೆದು ಬರುತ್ತಾನೆ. ಬುದ್ಧಿ ಹೇಳಿದವರಿಗೆ ಎದುರುತ್ತರ ಕೊಡುತ್ತಾನೆ. ಎಂದೋ ಬಿಟ್ಟುಹೋಗಿದ್ದ, ಹಾಸಿಗೆ ಒದ್ದೆ ಮಾಡಿಕೊಳ್ಳುವ ಅಭ್ಯಾಸ ಮರಳಿ ಬಂದಿದೆ. ಉಪಾಧ್ಯಾಯರು ಅವನನ್ನು ಪುಂಡನೆಂದರು. ಅಜ್ಜಿ ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದಳು. ನೆರೆಯವರು ‘ಎರಡು ಬಿಗಿದರೆ ಸರಿಹೋಗುತ್ತಾನೆ’ ಎಂದರು. ಎರಡು ಬಿಗಿದದ್ದೂ ಆಯಿತು. ಹುಡುಗನ ತಂದೆ ದುಡಿಮೆಗೆಂದು ದೂರದೂರಿಗೆ ಹೋಗಿ ಹತ್ತು ತಿಂಗಳಾಗಿದೆ. ಅವನ ನಡತೆ ಕೆಟ್ಟದ್ದೂ ಅಂದಿನಿಂದಲೇ. ಈ ಎರಡು ಸಂಗತಿಗಳನ್ನು ಮಾತ್ರ ಯಾರೂ ಒಟ್ಟಿಗಿಟ್ಟು ನೋಡಲಿಲ್ಲ.

ಈ ಹುಡುಗ ಕಲ್ಪಿತ. ಆದರೆ ಇಂಥವನನ್ನು ಕಾಣದ ಶಾಲೆ ನಮ್ಮ ನಾಡಿನಲ್ಲಿ ವಿರಳ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, 13ರಿಂದ 17 ವರ್ಷ ವಯಸ್ಸಿನವರಲ್ಲಿ ನೂರಕ್ಕೆ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆಯೆಂದು ಕಂಡುಕೊಂಡಿತು. ನಲವತ್ತು ಮಂದಿಯ ತರಗತಿಯೊಂದರಲ್ಲಿ ಸುಮಾರು ಮೂವರು ಎಂದಾಯಿತು. ಆ ಮೂವರಿಗಾಗಿ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ‘ಈ ಮಗುವನ್ನು ಹೇಗೆ ತಿದ್ದುವುದು?’ ಎಂಬುದು. ಅದಕ್ಕಿಂತ ಮೊದಲು, ಆ ಮಗುವಿನ ಬಳಿಯಲ್ಲಿರುವ ಹಿರಿಯರಿಗೆ ನಾವು ಏನನ್ನು ಕಲಿಸಿದ್ದೇವೆ, ಯಾವ ಆಸರೆಯನ್ನು ಕೊಟ್ಟಿದ್ದೇವೆ ಎಂದು ಕೇಳಬೇಕೆಂಬುದು ಈ ಲೇಖನದ ವಾದ.

ಮೊದಲು ಪೆಟ್ಟಿನ ವಿಷಯವನ್ನು ನೋಡೋಣ. ಅಪಾಯ ಎದುರಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ರಸವನ್ನು ಬಿಡುತ್ತವೆ. ಎದೆ ಬೇಗ ಬಡಿಯುತ್ತದೆ, ಸ್ನಾಯುಗಳು ಬಿಗಿಯುತ್ತವೆ, ದೇಹ ಹೋರಾಟಕ್ಕೋ ಪಲಾಯನಕ್ಕೋ ಸಿದ್ಧವಾಗುತ್ತದೆ. ಆ ಗಳಿಗೆಯಲ್ಲಿ ವಿವೇಚನೆಗೆ ಅವಕಾಶ ಕಡಿಮೆ. ಆವೇಗವನ್ನು ತಡೆದು ಮುಂದಾಲೋಚನೆ ಮಾಡಿಸುವ ಮಿದುಳಿನ ಮುಂಭಾಗವಾದರೋ ಇಪ್ಪತ್ತರ ವಯಸ್ಸು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ಹೀಗಿರುವಾಗ, ಭಯದಿಂದ ಕೆರಳಿರುವ ಮಗುವಿಗೆ ಮತ್ತಷ್ಟು ಭಯವನ್ನು ಕೊಟ್ಟು ಶಾಂತವಾಗೆಂದು ಹೇಳುವುದು, ಉರಿಯುವ ಒಲೆಗೆ ಸೌದೆಯೊಟ್ಟಿ ಆರಿಹೋಗೆಂದು ಹೇಳಿದಂತೆ. ಪೆಟ್ಟು ತಿಂದ ಮಗು ಕಲಿಯುವುದು ಸಿಕ್ಕಿಬೀಳದಿರುವ ಉಪಾಯವನ್ನು. ಸಿಟ್ಟು ಬಂದಾಗ ಏನು ಮಾಡಬೇಕೆಂಬುದನ್ನಲ್ಲ. 2009ರ ಶಿಕ್ಷಣ ಹಕ್ಕು ಕಾನೂನಿನ 17ನೆಯ ವಿಧಿ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿರುವುದು ಯೋಗ್ಯವೇ ಆಗಿದೆ. ಆದರೆ ಉಪಾಧ್ಯಾಯರ ಕೈಯಿಂದ ಬೆತ್ತವನ್ನು ತೆಗೆದುಕೊಂಡ ನಾವು, ಅದರ ಬದಲಿಗೆ ಆ ಕೈಗೆ ಏನನ್ನು ಕೊಟ್ಟೆವು? ಕೊಟ್ಟದ್ದು ಅತ್ಯಲ್ಪ.

ಕೊಡಬೇಕಾದದ್ದು ಏನೆಂಬುದು ಅಸ್ಪಷ್ಟವಲ್ಲ. ಪೆಸಿಫಿಕ್ ಸಾಗರದ ಹವಾಯಿ ದ್ವೀಪಸ್ತೋಮದಲ್ಲಿ ಕವಾಯಿ ಎಂಬ ದ್ವೀಪವಿದೆ. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆಯೂ ಅವರ ಸಹೋದ್ಯೋಗಿಗಳೂ ದಶಕಗಳ ಕಾಲ ಗಮನಿಸುತ್ತ ಬಂದರು. ಬಡತನ, ಮನೆಯೊಳಗಿನ ಕಲಹ, ಹೆತ್ತವರ ಮಾನಸಿಕ ಕಾಯಿಲೆ ಮುಂತಾದ ಹಲವು ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲಿಯೂ ಸುಮಾರು ಮೂರರಲ್ಲೊಂದು ಪಾಲು ಮಂದಿ ಸಮರ್ಥರೂ ಮಮತೆಯುಳ್ಳವರೂ ಆಗಿ ಬೆಳೆದರು. ಅವರಿಗೆ ಒದಗಿದ್ದ ಬೆಂಬಲಗಳಲ್ಲಿ ಮುಖ್ಯವಾದದ್ದು, ಕೈಬಿಡದೆ ಅವರನ್ನು ಹಚ್ಚಿಕೊಂಡ ಒಬ್ಬ ಹಿರಿಯರು. ಅವರು ಹೆತ್ತವರೇ ಆಗಿರಬೇಕಿರಲಿಲ್ಲ. ಅಜ್ಜಿ, ಚಿಕ್ಕಮ್ಮ, ನೆರೆಯವರು, ಉಪಾಧ್ಯಾಯರು, ಯಾರಾದರೂ ಆಗಿರಬಹುದಿತ್ತು. ಕೂಡುಕುಟುಂಬದಲ್ಲಿ ಬೆಳೆದ ನಮ್ಮ ಹಿರಿಯರಿಗೆ ಈ ಮಾತು ಹೊಸದೆನಿಸಲಾರದು. ಹೊಸದೇನೆಂದರೆ, ಅದನ್ನು ಎಣಿಸಿ, ಅಳೆದು, ಮೂರು ದಶಕಕ್ಕೂ ಮಿಕ್ಕಿ ಕಾದು ಸಿದ್ಧಪಡಿಸಿ ತೋರಿಸಿದ್ದು.

ಆದರೆ ಪ್ರೀತಿಯೊಂದಿದ್ದರೆ ಸಾಕೆ? ಸಾಲದು. ಅದರ ಜೊತೆಗೆ ತಿಳಿವಳಿಕೆಯೂ ಬೇಕು. ತಿಳಿವಳಿಕೆಯನ್ನು ಸಾಮಾನ್ಯ ಜನರ ಕೈಗೆ ಮುಟ್ಟಿಸುವುದು ಹೇಗೆಂಬುದಕ್ಕೆ ಉತ್ತರವನ್ನು ನಾವು ಹೊರನಾಡಿನಲ್ಲಿ ಹುಡುಕಬೇಕಾಗಿಲ್ಲ. ಅದು ಬಳ್ಳಾರಿಯಲ್ಲಿಯೇ ಇದೆ.

ಒಂದು ಕಾಲದಲ್ಲಿ ಮನೋರೋಗಕ್ಕೆ ಚಿಕಿತ್ಸೆಯೆಂದರೆ ದೊಡ್ಡ ನಗರದ ಮನೋವೈದ್ಯರ ಬಳಿಗೆ ಹೋಗುವುದೆಂದೇ ಅರ್ಥವಾಗಿತ್ತು. ನಿಮ್ಹಾನ್ಸಿನ ವೈದ್ಯರು 1970ರ ದಶಕದಲ್ಲಿ ಬೆಂಗಳೂರಿನ ಸಮೀಪದ ಸಕಲವಾರದಲ್ಲಿ ಬೇರೊಂದು ದಾರಿಯನ್ನು ಹುಡುಕಿದರು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಕಾಲದ ತರಬೇತಿ ಕೊಟ್ಟರೆ, ಮನೋರೋಗಿಗಳನ್ನು ಗುರುತಿಸಿ ಆರೈಕೆ ಮಾಡುವ ಕೆಲಸದ ಬಹುಭಾಗವನ್ನು ಅವರೇ ಮಾಡಬಲ್ಲರೆಂಬುದು ಅವರ ಆಲೋಚನೆ. ಒಂದು ಇಡೀ ಜಿಲ್ಲೆಯಲ್ಲಿ ಅದರ ಪರೀಕ್ಷೆ ನಡೆದದ್ದು ಬಳ್ಳಾರಿಯಲ್ಲಿ, 1985ರಿಂದ 1990ರವರೆಗೆ. 1981ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 15 ಲಕ್ಷ. ಅಲ್ಲಿ ಮಾಡಿದ ಕೆಲಸವನ್ನು ನಾಲ್ಕು ಮಾತಿನಲ್ಲಿ ಹೇಳಬಹುದು: ಇದ್ದ ಸಿಬ್ಬಂದಿಗೇ ತರಬೇತಿ, ಅತ್ಯಗತ್ಯವಾದ ಕೆಲವೇ ಔಷಧಗಳ ಸರಬರಾಜು, ಸರಳವಾದ ದಾಖಲೆ ಪುಸ್ತಕ, ಕಠಿಣ ಪ್ರಸಂಗಗಳಲ್ಲಿ ಸಲಹೆ ಕೊಡಲು ಜಿಲ್ಲಾ ಕೇಂದ್ರದಲ್ಲಿ ತಜ್ಞರ ತಂಡ. ಈ ಪದ್ಧತಿಗೆ ದೇಶದಾದ್ಯಂತ ‘ಬಳ್ಳಾರಿ ಮಾದರಿ’ ಎಂದು ಹೆಸರಾಯಿತು. 1996ರಲ್ಲಿ ಭಾರತ ಸರ್ಕಾರವು ನಾಲ್ಕು ಜಿಲ್ಲೆಗಳಲ್ಲಿ ಪ್ರಾರಂಭಿಸಿ ಮುಂದೆ ವಿಸ್ತರಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ತಳಹದಿ.

ಬಳ್ಳಾರಿಯ ಆ ಪ್ರಯೋಗ ಮುಖ್ಯವಾಗಿ ತೀವ್ರ ಮನೋರೋಗಗಳನ್ನೂ ಮೂರ್ಛೆರೋಗವನ್ನೂ ಕುರಿತದ್ದು; ಶಾಲೆಯ ಹಠಮಾರಿ ಹುಡುಗ ಅದರ ಕೇಂದ್ರದಲ್ಲಿರಲಿಲ್ಲ. ಆದರೆ ಅದರ ತತ್ತ್ವ ಅವನಿಗೂ ಸಲ್ಲುತ್ತದೆ. ಆರೋಗ್ಯ ಕಾರ್ಯಕರ್ತೆಗೆ ಅಂದು ಕೊಟ್ಟದ್ದನ್ನು ಇಂದು ಶಾಲೆಯ ಉಪಾಧ್ಯಾಯರಿಗೆ, ವಿದ್ಯಾರ್ಥಿನಿಲಯದ ಮೇಲ್ವಿಚಾರಕರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ ಕೊಡಬೇಕು.

ಅವರು ಕಲಿಯಬೇಕಾದದ್ದು ಬೆಟ್ಟದಷ್ಟಿಲ್ಲ. ಮೊದಲನೆಯದು, ಶರೀರವನ್ನು ಮರೆಯದಿರುವುದು. ಮಾತು ಕೇಳದ ಮಗುವಿಗೆ ಕಿವಿಯೇ ಮಂದವಾಗಿರಬಹುದು; ಬರೆಯಲೊಲ್ಲದ ಮಗುವಿಗೆ ಕರಿಹಲಗೆ ಕಾಣದಿರಬಹುದು. ಪಾಠದ ನಡುವೆ ಕೆಲವು ಕ್ಷಣ ಶೂನ್ಯದೃಷ್ಟಿಯಿಂದ ಕುಳಿತು, ಕರೆದರೂ ಓಗೊಡದೆ, ಮರುಕ್ಷಣ ಏನೂ ಆಗದವರಂತೆ ಬರೆಯತೊಡಗುವ ಮಗುವನ್ನು ನಾವು ಅಲಕ್ಷ್ಯದವನೆಂದು ಗದರಿಸುತ್ತೇವೆ. ಅದು ಮೂರ್ಛೆರೋಗದ ಒಂದು ಬಗೆಯಾಗಿರಬಹುದು, ಅದಕ್ಕೆ ಔಷಧವಿದೆ. ಎರಡನೆಯದು, ಬರೆದಿಡುವುದು. ಮಗು ಕೆರಳುವ ಮೊದಲು ಏನಾಯಿತು, ಅದು ಏನು ಮಾಡಿತು, ಆಮೇಲೆ ಹಿರಿಯರು ಏನು ಮಾಡಿದರು ಎಂಬ ಮೂರು ಸಾಲುಗಳನ್ನು ಎರಡು ವಾರ ಬರೆದಿಟ್ಟರೆ, ಕಾರಣವಿಲ್ಲದ ಪುಂಡಾಟವೆಂದು ತೋರಿದ್ದಕ್ಕೂ ಒಂದು ಕ್ರಮವಿರುವುದು ಬಹುವೇಳೆ ಗೋಚರಿಸುತ್ತದೆ. ಲೆಕ್ಕದ ಪಾಠದ ಗಂಟೆಗೇ ಜಗಳ ಹುಟ್ಟುವುದಾದರೆ, ತೊಂದರೆ ಲೆಕ್ಕದಲ್ಲಿರಬಹುದು. ಮೂರನೆಯದು, ಒಳ್ಳೆಯದನ್ನು ಕಂಡು ಹೇಳುವುದು. ಬೈಗುಳ ಕೂಡ ಒಂದು ಬಗೆಯ ಗಮನವೇ. ಬೇರಾವ ಗಮನವೂ ಸಿಗದ ಮಗು ಅದನ್ನೇ ಬಯಸಿ ತಪ್ಪು ಮಾಡಬಹುದು. ‘ಇವತ್ತು ಸಿಟ್ಟು ಬಂದರೂ ಕೈ ಎತ್ತಲಿಲ್ಲ, ನೋಡಿದೆ’ ಎಂಬ ಮಾತು ನೂರು ಬೈಗುಳಕ್ಕಿಂತ ಹೆಚ್ಚು ಕೆಲಸ ಮಾಡೀತು. ನಾಲ್ಕನೆಯದು, ತನ್ನ ಎಲ್ಲೆಯನ್ನರಿಯುವುದು. ಸಾಯುವ ಮಾತನ್ನಾಡುವ ಮಗುವನ್ನೂ ವಾರಗಟ್ಟಲೆ ಊಟ ನಿದ್ರೆ ಬಿಟ್ಟ ಮಗುವನ್ನೂ ತಡಮಾಡದೆ ವೈದ್ಯರ ಬಳಿಗೆ ಕಳುಹಿಸಬೇಕು. ಲೈಂಗಿಕ ದೌರ್ಜನ್ಯದ ವಿಷಯ ತಿಳಿದುಬಂದರೆ, 2012ರ ಪೋಕ್ಸೊ ಕಾನೂನಿನಂತೆ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಮೇಲೂ ಕಡ್ಡಾಯ.

ಇದಕ್ಕೆ ಎರಡು ಆಕ್ಷೇಪಣೆಗಳುಂಟು. ಉಪಾಧ್ಯಾಯರಿಗೆ ಈಗಾಗಲೇ ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕಗಳಿವೆ, ಇನ್ನೊಂದು ಹೊರೆ ಏಕೆಂಬುದು ಮೊದಲನೆಯದು. ನ್ಯಾಯವಾದ ಮಾತು. ಆದರೆ ಆ ಮೂವರು ಮಕ್ಕಳ ಹೊರೆ ಅವರ ಮೇಲೆ ಈಗಲೂ ಇದೆ. ಹೊರುವ ಬಗೆಯನ್ನು ತೋರಿಸಿಕೊಟ್ಟರೆ ಅದು ಹಗುರವಾದೀತು. ಅರೆಬರೆ ತಿಳಿದವರು ಮಕ್ಕಳಿಗೆಲ್ಲ ರೋಗದ ಹೆಸರಿಡುತ್ತಾರೆಂಬುದು ಎರಡನೆಯದು. ಈ ಭಯ ನಿಜವಾದದ್ದು. ಆದುದರಿಂದಲೇ ತರಬೇತಿಯ ಮೊದಲ ಪಾಠ, ಹೆಸರಿಡುವ ಕೆಲಸ ವೈದ್ಯರದು, ನೋಡುವ ಮತ್ತು ಕೇಳುವ ಕೆಲಸ ನಮ್ಮದು ಎಂಬುದಾಗಿರಬೇಕು. ಬಳ್ಳಾರಿಯಲ್ಲಿಯೂ ಕಾರ್ಯಕರ್ತರ ಬೆನ್ನ ಹಿಂದೆ ತಜ್ಞರ ತಂಡವಿತ್ತೆಂಬುದನ್ನು ಮರೆಯಬಾರದು. ಒಂದು ದಿನದ ಭಾಷಣ ಮಾಡಿಸಿ, ಪ್ರಮಾಣಪತ್ರ ಹಂಚಿ, ಮತ್ತೆ ಆ ಕಡೆ ತಿರುಗಿ ನೋಡದಿದ್ದರೆ ಯಾವ ಫಲವೂ ಇಲ್ಲ. ಸಿರುಗುಪ್ಪದಲ್ಲಾಗಲಿ ಕುರುಗೋಡಿನಲ್ಲಾಗಲಿ, ತಿಂಗಳಿಗೊಂದು ದಿನ ಜಿಲ್ಲೆಯ ಮಾನಸಿಕ ಆರೋಗ್ಯ ತಂಡದವರು ತಾಲ್ಲೂಕಿನ ಉಪಾಧ್ಯಾಯರೊಡನೆ ಕುಳಿತು, ಮಕ್ಕಳ ಹೆಸರನ್ನು ಹೊರಗೆಡಹದೆ, ಅವರ ಕಷ್ಟಗಳನ್ನು ಚರ್ಚಿಸುವ ಏರ್ಪಾಡು ಬೇಕು. ಅದು ಉಪಾಧ್ಯಾಯರಿಗೂ ಆಸರೆ. ದಿನವಿಡೀ ಗದ್ದೆಯಲ್ಲೋ ಹೊಲಿಗೆಯ ಕಾರ್ಖಾನೆಯಲ್ಲೋ ದುಡಿದು ಬಂದ ತಾಯಿಗೆ ಮಗುವಿನ ಹಠವನ್ನು ತಾಳ್ಮೆಯಿಂದ ಎದುರಿಸೆಂದು ಉಪದೇಶ ಮಾಡುವುದು ಸುಲಭ. ಆಕೆಯ ಕಷ್ಟವನ್ನೂ ಕೇಳುವವರೊಬ್ಬರು ಬೇಕು.

ವಿದ್ಯಾರ್ಥಿಗಳಾದ ನಿಮಗೆ ಇದರಲ್ಲಿ ಏನು ಪಾತ್ರವೆಂದು ನೀವು ಕೇಳಬಹುದು. ನಿಮ್ಮಲ್ಲಿ ಕೆಲವರು ನಾಳೆ ಉಪಾಧ್ಯಾಯರಾಗುವಿರಿ, ಕೆಲವರು ದಾದಿಯರು, ವೈದ್ಯರು, ಬಹುತೇಕರು ತಾಯಿತಂದೆಯರು. ಇಂದೇ ನಿಮ್ಮ ಮನೆಯಲ್ಲಿ ಒಬ್ಬ ತಮ್ಮನಿರಬಹುದು, ಪಕ್ಕದ ಬೆಂಚಿನಲ್ಲಿ ಒಬ್ಬ ಗೆಳತಿಯಿರಬಹುದು. ಕಷ್ಟದಲ್ಲಿರುವವರು ನೀವೇ ಆಗಿದ್ದರೂ ಅದು ನಾಚಿಕೆಯ ವಿಷಯವಲ್ಲ. 2022ರ ಅಕ್ಟೋಬರ್ 10ರಂದು ಪ್ರಾರಂಭವಾದ ‘ಟೆಲಿ ಮಾನಸ್’ ಎಂಬ ಸರ್ಕಾರಿ ಸೇವೆಗೆ 14416 ಸಂಖ್ಯೆಯಲ್ಲಿ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಮಗುವಿನ ಬಗ್ಗೆ ದಾರಿಕಾಣದ ಹಿರಿಯರೂ ಇವುಗಳ ನೆರವನ್ನು ಪಡೆಯಬಹುದು. ರಹಸ್ಯ ಕಾಪಾಡೆಂದು ಗೆಳೆಯನು ಬೇಡಿಕೊಂಡರೂ, ಪ್ರಾಣಕ್ಕೆ ಅಪಾಯವಿರುವ ಸಂಗತಿಯನ್ನು ನಂಬಿಕೆಯ ಹಿರಿಯರೊಬ್ಬರಿಗೆ ಹೇಳುವುದು ದ್ರೋಹವಾಗದು.

ಕಂಟೋನ್ಮೆಂಟಿನ ಆ ಸಾಲಿಗೆ ಮತ್ತೊಮ್ಮೆ ಹೋಗೋಣ. ತಾಯಿಯ ಕೈಯಲ್ಲಿ ಆಸ್ಪತ್ರೆಯ ಚೀಟಿಯ ಜೊತೆಗೆ ಊರಿನ ಉಪಾಧ್ಯಾಯರು ಬರೆದ ಒಂದು ಪುಟವೂ ಇದೆಯೆಂದು ಭಾವಿಸಿ. ‘ತಂದೆ ಊರಿನಲ್ಲಿಲ್ಲದೆ ಹತ್ತು ತಿಂಗಳಾಗಿದೆ. ಕಿವಿ, ಕಣ್ಣು ಸರಿಯಾಗಿವೆ. ಸೋಮವಾರಗಳಲ್ಲಿ ಜಗಳ ಹೆಚ್ಚು. ಗಿಡಗಳಿಗೆ ನೀರು ಹಾಕುವ ಕೆಲಸ ಕೊಟ್ಟಾಗ ಶಾಂತನಾಗಿರುತ್ತಾನೆ’ ಎಂದು ಅದರಲ್ಲಿದೆ. ವೈದ್ಯರು ಅದರ ಹಿಂಬದಿಯಲ್ಲಿ ನಾಲ್ಕು ಸಾಲು ಉತ್ತರ ಬರೆದು ಕಳುಹಿಸುತ್ತಾರೆ. ಇದಕ್ಕೆ ಹೊಸ ಕಟ್ಟಡವಾಗಲಿ ದುಬಾರಿ ಯಂತ್ರವಾಗಲಿ ಬೇಡ. ಬೇಕಾದದ್ದು, ‘ಏನಾಗೈತಲೇ ನಿನಗೆ?’ ಎಂದು ಗದರುವ ಬದಲು ಅದೇ ಮಾತನ್ನು ಮೆಲ್ಲಗೆ, ಪಕ್ಕದಲ್ಲಿ ಕುಳಿತು ಕೇಳಬಲ್ಲ ಹಿರಿಯರು. ಮತ್ತು ಮಗು ಉತ್ತರ ಹೇಳಿದ ಮೇಲೆ ಮುಂದೇನು ಮಾಡಬೇಕೆಂದು ಆ ಹಿರಿಯರಿಗೆ ತಿಳಿಸಿಕೊಡುವ ವ್ಯವಸ್ಥೆ. ಮೊದಲನೆಯದು ನಮ್ಮ ಊರುಗಳಲ್ಲಿ ಈಗಲೂ ದುರ್ಲಭವಲ್ಲ. ಎರಡನೆಯದನ್ನು ಕಟ್ಟಬಹುದೆಂದು ಬಳ್ಳಾರಿ ಜಿಲ್ಲೆ ನಾಲ್ಕು ದಶಕಗಳ ಹಿಂದೆಯೇ ದೇಶಕ್ಕೆ ತೋರಿಸಿದೆ. ಆ ಪಾಠವನ್ನು ನಮ್ಮ ಶಾಲೆಗಳಿಗೂ ತರುವುದೊಂದೇ ಉಳಿದಿರುವ ಕೆಲಸ.