ಮಗುವಿನ ಸಂಕಟ ಕೇಳಲು ಯಾವ ಭಾಷೆ?

ನಮ್ಮ ನಂದೇಶ್ವರದ ಸುತ್ತ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಮಕ್ಕಳಿದ್ದಾರೆ. ಸೊಲ್ಲಾಪುರದ ನೇಕಾರರ ಓಣಿಗೆ ಹೋದರೆ ತೆಲುಗೂ ಸೇರುತ್ತದೆ. ಅಂಥ ಮಗುವಿನ ಮನಸ್ಸು ಕುಸಿದರೆ ಯಾವ ಮಾತಿನಲ್ಲಿ ಹೇಳಬೇಕು?

ಖಿನ್ನತೆ ಎಂಬ ಶಬ್ದ ಮಗುವಿಗೆ ಗೊತ್ತಿಲ್ಲ. ‘ಹೊಟ್ಟಿ ನೋಯ್ತದ, ಸಾಲಿಗಿ ಒಲ್ಲೆ’ ಅಂತದ. ಅವ್ವ ಓಮಕಾಳು ಕೊಡುತ್ತಾಳೆ, ಗುರುಗಳು ಆಲಸಿ ಅನ್ನುತ್ತಾರೆ. ನಾನೂ ಹಾಗೇ ಅಂದವನೇ. ಅಪ್ಪ ಅವ್ವ ಕಬ್ಬು ಕಡಿಯಲು ಹೋದಾಗ ಅಜ್ಜಿಯ ಹತ್ತಿರ ಉಳಿದ ನಮ್ಮ ಓಣಿಯ ಹುಡುಗನೊಬ್ಬ ಗೆಳೆಯರನ್ನು ಬಿಟ್ಟು ದನದ ಕೊಟ್ಟಿಗೆಯಲ್ಲಿ ಒಬ್ಬನೇ ಕೂಡುತ್ತಿದ್ದ. ‘ಇವಗ ದನಾ ಕಾಯೂ ಹುಕಿ ಅದ’ ಎಂದು ನಕ್ಕೆ. ಜೋಳದ ಸುಳಿ ಬಾಡಿದ್ದು ಬದುವಿನ ಮೇಲಿಂದಲೇ ತಿಳಿಯುವ ನನ್ನ ಕಣ್ಣಿಗೆ ಆ ಹುಡುಗ ಕಾಣಲಿಲ್ಲ. ಹತ್ತನೆಯ ಇಯತ್ತೆಯ ಪರೀಕ್ಷೆಗೆ ಅವನು ಕೂಡಲೇ ಇಲ್ಲ.

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ವೈದ್ಯರ ತಂಡ ಬಂದು ಹಲ್ಲು, ಕಣ್ಣು, ಕಿವಿ ನೋಡಬೇಕೆಂದಿದೆ. ಕಲಿಕೆಯ ತೊಂದರೆಯೂ ಅವರ ಪಟ್ಟಿಯಲ್ಲಿದೆ. ಅದೇ ದಿನ ನಿದ್ದಿ ಬರ್ತದೇನು, ಊಟ ಸೇರ್ತದೇನು, ಯಾರರೆ ಹೆದರಸ್ತಾರೇನು ಎಂದು ಮಗುವಿನ ಮನೆಮಾತಿನಲ್ಲಿ, ಬೇರೆ ಮಕ್ಕಳ ಕಿವಿಗೆ ಬೀಳದಂತೆ ಕೇಳಿದರೆ ಏನು ಖರ್ಚು? ಮಗುವನ್ನು ಮುಂದೆ ಯಾರಿಗೆ ತೋರಿಸಬೇಕೆಂದು ತಿಳಿದರೆ ಸಾಕು. ಹುಚ್ಚನೆಂಬ ಪಟ್ಟ ಕಟ್ಟುವುದಾದರೆ ಈ ತಪಾಸಣೆ ಬೇಡವೇ ಬೇಡ.

ಆಗದ ಕೆಲಸವೇನಲ್ಲ. ನನ್ನ ಹಾಗೆ ಕನ್ನಡ, ತೆಲುಗು ಎರಡೂ ಆಡುವ ಬಳ್ಳಾರಿ ಸೀಮೆಯಲ್ಲಿ 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ನಮ್ಮ ಗುರುಗಳಿಗೆ ಅಷ್ಟು ಕಲಿಸಲಾಗದೇ?

ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗೆ ಆಪ್ತಸಲಹೆಗಾರರು ಬೇಕು, ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕ ಇಟ್ಟುಕೊಳ್ಳಬೇಕು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಕ್ಕಲಕೋಟ, ಜತ್ತ ಭಾಗದ ಕನ್ನಡ ಶಾಲೆಗೆ ಬರುವ ಸಲಹೆಗಾರರಿಗೆ ಕನ್ನಡ ಬಾರದಿದ್ದರೆ ಮಗು ‘ಏನೂ ಇಲ್ಲರೀ’ ಎಂದು ಎದ್ದು ಬರುತ್ತದೆ. ನೇಮಕ ಮಹಾರಾಷ್ಟ್ರ ಸರಕಾರದ ಕೆಲಸ. ಕನ್ನಡ ಬಲ್ಲವರನ್ನು ತಯಾರು ಮಾಡಿ ಕೊಡಲು ಕರ್ನಾಟಕವೂ ಮುಂದಾಗಬೇಕು. ಗಡಿ ತಂಟೆ ತೀರಲಿ ಎಂದು ಮಕ್ಕಳು ಕಾಯಲಾರರು.

ಅಲ್ಲಿಯವರೆಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಉಚಿತ, ಭಾಷೆ ಆರಿಸಿಕೊಳ್ಳಬಹುದು. ಈ ನಂಬರನ್ನು ಶಾಲೆಯ ಗೋಡೆಗೆ ಕನ್ನಡ, ಮರಾಠಿ ಎರಡರಲ್ಲೂ ಬರೆಸಲಿ. ನಮ್ಮೂರಿನ ಗೋಡೆಯ ಬಣ್ಣದ ಖರ್ಚು ನನ್ನದು, ಈ ಸಲದ ಜೋಳ ಮಾರಿ ಕೊಡುತ್ತೇನೆ.