ಚೋರ್ಲಾ ಘಾಟ್ ದಾಟದ ಚೈನ್ ಸ್ಪ್ರಾಕೆಟ್

"ಒಂದು ದೇಶ, ಒಂದು ತೆರಿಗೆ" ಎಂಬ ಘೋಷಣೆಯನ್ನು ನಾವು 2017ರ ಜುಲೈ 1ರಿಂದ ಕೇಳುತ್ತಲೇ ಬಂದಿದ್ದೇವೆ. ಸಮಾಜ ವಿಜ್ಞಾನದ ಪಾಠದಲ್ಲಿ ಮಕ್ಕಳಿಗೂ ಹೇಳಿಕೊಟ್ಟಿದ್ದೇವೆ. ಆದರೆ ಸಂಜೆ ನಮ್ಮ ಶಾಲೆಯ ಗೇಟಿನ ಹೊರಗೆ ನಿಲ್ಲುವ ಬೈಕುಗಳನ್ನು ಒಮ್ಮೆ ನೋಡಿ. ಕೆಎ-22, ಕೆಎ-28, ಕೆಎ-29... ಬೆಳಗಾವಿ, ವಿಜಯಪುರ, ಬಾಗಲಕೋಟೆ. ಗೌಂಡಿ ಕೆಲಸದವರು, ತರಕಾರಿ ಮಾರುವವರು, ಫ್ಯಾಕ್ಟರಿಯಲ್ಲಿ ದಿನಗೂಲಿ ಮಾಡುವವರು ಊರಿನಿಂದ ಸೆಕೆಂಡ್ ಹ್ಯಾಂಡ್ ಕೊಂಡು ತಂದ ಗಾಡಿಗಳು. ಅಪ್ಪ ಕೆಲಸಕ್ಕೆ ಹೋಗುವುದೂ ಅದರ ಮೇಲೆ, ಇಬ್ಬರು ಮಕ್ಕಳು ಶಾಲೆಗೆ ಬರುವುದೂ ಅದರ ಮೇಲೆ. "ಗಾಡಿ ಬಂದ್ ಬಿದ್ದೈತ್ರೀ ಸರ" ಎಂದು ಫೋನ್ ಬಂದರೆ ಎರಡು ದಿನ ಹಾಜರಿ ಪುಸ್ತಕದಲ್ಲಿ ಎರಡು ಹೆಸರಿಗೆ ಗೈರು ಎಂದೇ ಅರ್ಥ.

ಇಂಥ ಹಳೆಯ ಗಾಡಿಯ ಸಾಮಾನು ಇಲ್ಲಿ ಸಿಗುವುದಿಲ್ಲವೆಂದಲ್ಲ. ಆದರೆ ಆ ಗಾಡಿಯ ಜಾತಕ ಗೊತ್ತಿರುವುದು ಊರಿನ ಅಂಗಡಿಯವನಿಗೆ. ಕನ್ನಡದಲ್ಲಿ ಒಂದು ಮಾತು ಹೇಳಿದರೆ ಸಾಕು, ಯಾವ ಮಾಡೆಲ್, ಎಷ್ಟು ಹಲ್ಲಿನ ಸ್ಪ್ರಾಕೆಟ್ ಎಂದು ಅವನೇ ಹೇಳುತ್ತಾನೆ. ಬೆಳಗಾವಿಯಿಂದ ಪಣಜಿಗೆ ಚೋರ್ಲಾ ಘಾಟ್ ಮೇಲೆ ಹೆಚ್ಚು ಕಡಿಮೆ ನೂರಿಪ್ಪತ್ತು ಕಿಲೋಮೀಟರ್ ಅಷ್ಟೇ. ಒಂದು ಪಾರ್ಸೆಲ್ ಕಳಿಸಲು ಏನು ಅಡ್ಡಿ?

ಅಡ್ಡಿ ಇದೆ. ಜಿಎಸ್‌ಟಿ ಕಾಯ್ದೆಯ ಪ್ರಕಾರ, ಸರಕು ಮಾರುವ ಸಣ್ಣ ಅಂಗಡಿಯ ವಾರ್ಷಿಕ ವಹಿವಾಟು 40 ಲಕ್ಷ ದಾಟದಿದ್ದರೆ ನೋಂದಣಿ ಬೇಕಿಲ್ಲ. ಒಳ್ಳೆಯದೇ. ಆದರೆ ಅದೇ ಅಂಗಡಿಯವನು ತೆರಿಗೆ ಬೀಳುವ ಒಂದೇ ಒಂದು ವಸ್ತುವನ್ನು ರಾಜ್ಯದ ಹೊರಗೆ ಮಾರಿದರೂ 24ನೇ ಸೆಕ್ಷನ್ ಬಂದು ಕೂರುತ್ತದೆ, ನೋಂದಣಿ ಕಡ್ಡಾಯ. ವಹಿವಾಟು ನಾಲ್ಕು ಲಕ್ಷವಿರಲಿ, ನಲವತ್ತಿರಲಿ, ಲೆಕ್ಕಕ್ಕಿಲ್ಲ. ಇನ್ನು ಒಂದೂವರೆ ಕೋಟಿಯೊಳಗಿನ ವ್ಯಾಪಾರಿಗಳು ಶೇಕಡಾ 1 ತೆರಿಗೆ ಕಟ್ಟಿ ಸುಮ್ಮನಿರುವ ಕಾಂಪೊಸಿಷನ್ ಸ್ಕೀಮ್ ಇದೆಯಲ್ಲ, ಅದರಲ್ಲಿದ್ದವರು ಹೊರ ರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ. ಅಂದರೆ ಬೆಳಗಾವಿಯ ಅಂಗಡಿಯವನು ಐನೂರು ಕಿಲೋಮೀಟರಿಗೂ ಆಚೆಯ ಕೋಲಾರಕ್ಕೆ ಚೈನ್ ಸ್ಪ್ರಾಕೆಟ್ ಕಳಿಸಬಹುದು, ಪಕ್ಕದ ಗೋವಾಕ್ಕೆ ಕಳಿಸಬಾರದು! ಇದನ್ನು ಭೂಗೋಳದ ಮೇಷ್ಟ್ರು ಮಕ್ಕಳಿಗೆ ಹೇಗೆ ವಿವರಿಸಬೇಕು ನೀವೇ ಹೇಳಿ.

ಇನ್ನೂ ತಮಾಷೆ ಇದೆ. ನಮ್ಮ ಪೋಷಕರು ಒಂದು ದಿನದ ಕೂಲಿ ಬಿಟ್ಟು, ಹೋಗಿ ಬರುವ ಬಸ್ ಚಾರ್ಜ್ ಕೊಟ್ಟು, ಅಂಗಡಿಯ ಕೌಂಟರಿನಲ್ಲಿ ನಿಂತು ಅದೇ ಸಾಮಾನು ಕೊಂಡರೆ ಅದು ಕರ್ನಾಟಕದೊಳಗಿನ ಮಾರಾಟ. 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ನೋಂದಣಿ ಇಲ್ಲದ ಗಿರಾಕಿಯ ವಿಳಾಸ ಬಿಲ್ಲಿನಲ್ಲಿ ಇಲ್ಲದಿದ್ದರೆ ಮಾರಾಟ ನಡೆದದ್ದು ಅಂಗಡಿ ಇರುವ ಊರಿನಲ್ಲೇ ಎಂದು ಲೆಕ್ಕ. ಅದೇ ಡಬ್ಬಿಯನ್ನು ಅಂಗಡಿಯವನು ಪಣಜಿ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಕಳಿಸಿದರೆ ಅದು ಅಂತರರಾಜ್ಯ ವ್ಯಾಪಾರ, ತಪ್ಪು. ಮನುಷ್ಯ ಅಲೆದಾಡಿದರೆ ಸರಿ, ಡಬ್ಬಿ ಅಲೆದಾಡಿದರೆ ಅಪರಾಧ.

ಹೆದರಿಕೆ ಸುಳ್ಳಲ್ಲ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಬೋರ್ಡುಗಳು ಎದ್ದದ್ದನ್ನು ಎಲ್ಲರೂ ನೋಡಿದ್ದೇವೆ. ಅಂಥ ಅಂಗಡಿಯವನು ಗೋವಾದ ಪಾರ್ಸೆಲ್ ಎಂದರೆ "ಬ್ಯಾಡ್ರೀ, ನೀವ ಬಂದು ಒಯ್ರಿ" ಎನ್ನದೆ ಇನ್ನೇನು ಅಂದಾನು?

ಹಾಗಾದರೆ ಗಡಿ ಯಾರಿಗಿಲ್ಲ? ದೊಡ್ಡವರಿಗಿಲ್ಲ. ಆನ್‌ಲೈನ್‌ನಲ್ಲಿ ನೋಂದಾಯಿತ ಮಾರಾಟಗಾರ ದೆಹಲಿಯಿಂದ ಬೇಕಾದರೂ ಕಳಿಸುತ್ತಾನೆ. 2023ರ ಅಕ್ಟೋಬರಿನಲ್ಲಿ ನೋಂದಣಿ ಇಲ್ಲದ ಸಣ್ಣವರಿಗೂ ಆನ್‌ಲೈನ್ ಬಾಗಿಲು ತೆರೆದರು, ಆದರೆ ಸ್ವಂತ ರಾಜ್ಯದೊಳಗೆ ಮಾತ್ರ. ಇನ್ನು ಸಾಗಣೆಯ ಖರ್ಚು. ನೋಂದಾಯಿತ ಮಾರಾಟಗಾರ ಬಿಲ್ಲಿನಲ್ಲಿ ಹಾಕುವ ಸಾಗಣೆ, ಪ್ಯಾಕಿಂಗ್ ಖರ್ಚನ್ನೂ ಸರಕಿನ ಬೆಲೆಗೇ ಸೇರಿಸಿ ಸರಕಿನದೇ ದರದಲ್ಲಿ ತೆರಿಗೆ ಹಾಕುತ್ತಾರೆ. ಐದನೇ ಕ್ಲಾಸಿನ ಲೆಕ್ಕ: ಸಾಮಾನು 200 ರೂಪಾಯಿ, ಸಾಗಣೆ 80. ಬೈಕ್ ಬಿಡಿಭಾಗಕ್ಕೆ ಶೇಕಡಾ 28 ಇದ್ದಾಗ ತೆರಿಗೆ 280ರ ಮೇಲೆ 78 ರೂಪಾಯಿ 40 ಪೈಸೆ. 2025ರ ಸೆಪ್ಟೆಂಬರ್ 22ರಿಂದ ದರ ಶೇಕಡಾ 18ಕ್ಕೆ ಇಳಿದ ಮೇಲೆ 50 ರೂಪಾಯಿ 40 ಪೈಸೆ. ಇಳಿಸಿದ್ದಕ್ಕೆ ಸಂತೋಷವೇ. (ಅದೇ ದಿನದಿಂದ ಮಕ್ಕಳ ನೋಟ್‌ಬುಕ್ ಮೇಲಿನ ಶೇಕಡಾ 12 ಪೂರ್ತಿ ಹೋಯಿತು, ಅದಕ್ಕೆ ಇನ್ನೂ ಸಂತೋಷ.) ಆದರೆ ಎಂಟು ವರ್ಷ, ಬ್ರೇಕ್ ಶೂ, ಕ್ಲಚ್ ಪ್ಲೇಟುಗಳಂಥ ಜೀವ ಉಳಿಸುವ ಸಾಮಾನಿಗೆ ಪಾನ್ ಮಸಾಲಾದ ದರವನ್ನೇ ಹಾಕಿದ್ದರು ಎಂಬುದನ್ನು ಮರೆಯಬೇಕಿಲ್ಲ.

"ನೋಂದಣಿ ಬೇಡವೆಂದರೆ ಗೋವಾದ ತೆರಿಗೆ ತಪ್ಪಿ ಹೋಗುತ್ತದೆ, ಜಿಎಸ್‌ಟಿ ಸೇರಬೇಕಾದ್ದು ಸರಕು ತಲುಪುವ ರಾಜ್ಯಕ್ಕಲ್ಲವೇ" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಗೋವಾಕ್ಕೆ ಆ ಪಾಲು ಬರುವುದಿಲ್ಲ, ಒಪ್ಪುತ್ತೇವೆ. ಆದರೆ ಗಿರಾಕಿ ಬೆಳಗಾವಿಗೆ ಹೋಗಿ ಕೊಂಡು ತಂದಾಗಲೂ ಬರುವುದಿಲ್ಲವಲ್ಲ! ಅಂಗಡಿಯವನು ಡೀಲರನಿಂದ ತರುವಾಗಲೇ ತೆರಿಗೆ ಕಟ್ಟಿರುತ್ತಾನೆ, ಬಿಟ್ಟು ಹೋಗುವುದು ಅವನ ಸಣ್ಣ ಲಾಭದ ಮೇಲಿನದು ಮಾತ್ರ. ಅಷ್ಟಕ್ಕಾಗಿ ಒಬ್ಬ ಕೂಲಿಯವನ ದಿನ ಹಾಳು ಮಾಡಬೇಕೇ?

ದಾರಿ ಇಲ್ಲವೆಂದೂ ಅಲ್ಲ. 2017ರ ಅಕ್ಟೋಬರಿನಲ್ಲೇ, 20 ಲಕ್ಷದೊಳಗಿನ ಸೇವೆಗಳನ್ನು ಹೊರ ರಾಜ್ಯಕ್ಕೆ ಕೊಡುವವರಿಗೆ ನೋಂದಣಿಯಿಂದ ವಿನಾಯಿತಿ ಕೊಟ್ಟರು. ಕರಕುಶಲ ವಸ್ತುಗಳಿಗೂ ಕೊಟ್ಟರು. ಬೆಳಗಾವಿಯ ಸಣ್ಣ ಡಿಸೈನರ್ ಗೋವಾದ ಹೋಟೆಲಿಗೆ ಬೋರ್ಡಿನ ಚಿತ್ರ ಬರೆದು ಕಳಿಸಬಹುದು, ಬೆಳಗಾವಿಯ ಸಣ್ಣ ಅಂಗಡಿ ಗೋವಾದ ಗೌಂಡಿಗೆ ಕ್ಲಚ್ ಕೇಬಲ್ ಕಳಿಸಬಾರದು. ಇದಕ್ಕೆ ಕಾರಣ ಯಾರಾದರೂ ಹೇಳಿದರೆ ಕೇಳಲು ಸಿದ್ಧರಿದ್ದೇವೆ. ಸಂವಿಧಾನದ 301ನೇ ವಿಧಿ ದೇಶದ ಉದ್ದಗಲಕ್ಕೂ ವ್ಯಾಪಾರ ಮುಕ್ತ ಎನ್ನುತ್ತದೆ. 1961ರ ಡಿಸೆಂಬರ್ 19ರವರೆಗೆ ಈ ಗಡಿಯಲ್ಲಿ ಪೋರ್ಚುಗೀಸರ ಕಸ್ಟಮ್ಸ್ ಇತ್ತು, ಆಗಿನ ಮಾತು ಬೇರೆ.

ನಾವು ಕೇಳುವುದು ಇಷ್ಟೇ. 40 ಲಕ್ಷದೊಳಗಿನ ಅಂಗಡಿಗೂ, ಕಾಂಪೊಸಿಷನ್ ಅಂಗಡಿಗೂ, ಸ್ವಂತ ಬಳಕೆಯ ಸಣ್ಣ ಪಾರ್ಸೆಲ್ಲನ್ನು ಪಕ್ಕದ ರಾಜ್ಯಕ್ಕೆ ಕಳಿಸಲು ಬಿಡಿ. ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕಕ್ಕೂ ಗೋವಾಕ್ಕೂ ಕುರ್ಚಿ ಇದೆ, ಇಬ್ಬರೂ ಬಾಯಿ ಬಿಡಲಿ. ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಮಂತ್ರಿಗಳನ್ನು ಕರೆಸುತ್ತವೆ, ಶಾಲು ಹೊದಿಸುತ್ತವೆ. ಶಾಲಿನ ಜೊತೆ ಈ ಒಂದು ಮನವಿ ಪತ್ರವನ್ನೂ ಕೈಗಿಡಬಾರದೇ?

ಅಲ್ಲಿಯವರೆಗೆ ಪೋಷಕರಲ್ಲಿ ವಿನಂತಿ. ಊರಿಗೆ ಹೋದಾಗ ಸಾಮಾನನ್ನು ಅಂಗಡಿಯಲ್ಲೇ ನಿಂತು ಕೊಂಡು ತನ್ನಿ, ಬಿಲ್ ಕೇಳಿ ಇಸಿದುಕೊಳ್ಳಿ. ಆನ್‌ಲೈನ್ ತರಿಸಿದರೆ ಬಿಲ್ಲಿನಲ್ಲಿ ತೆರಿಗೆ 18 ಇದೆಯೋ 28 ಇದೆಯೋ ನೋಡಿ. ಓದಲು ತೊಡಕಾದರೆ ಬಿಲ್ಲನ್ನು ಮಗುವಿನ ಕೈಲಿ ಶಾಲೆಗೆ ಕಳಿಸಿ, ಓದಿ ಹೇಳುತ್ತೇವೆ.