ಕೇಳುಗರನ್ನೂ ಕಲಾವಿದರಾಗಿಸಿದ ತರಗತಿ

ನ್ಯೂಯಾರ್ಕಿನ ‘ನ್ಯೂ ಸ್ಕೂಲ್’ನಲ್ಲಿ 1950ರ ದಶಕದ ಕೊನೆಯ ವರ್ಷಗಳಲ್ಲಿ ಸಂಯೋಜಕ ಜಾನ್ ಕೇಜ್ ಒಂದು ತರಗತಿ ನಡೆಸುತ್ತಿದ್ದರು. ವಿದ್ಯಾರ್ಥಿಗಳಲ್ಲಿ ಹಲವರಿಗೆ ಸಂಗೀತದ ಶಾಸ್ತ್ರೀಯ ಶಿಕ್ಷಣವೇ ಇರಲಿಲ್ಲ. ಜಾರ್ಜ್ ಬ್ರೆಕ್ಟ್ ರಸಾಯನಶಾಸ್ತ್ರಜ್ಞ, ಅಲನ್ ಕಪ್ರೋ ಚಿತ್ರಕಾರ. ತಾವು ರಚಿಸಿದ್ದನ್ನು ಅಲ್ಲೇ ಪ್ರಯೋಗಿಸಿ, ಅಲ್ಲೇ ಚರ್ಚಿಸುವುದು ಅವರ ಅಭ್ಯಾಸವಾಗಿತ್ತು.

ಅಲ್ಲಿಂದ ಹೊರಟ ಬ್ರೆಕ್ಟ್ 1960ರಲ್ಲಿ ಮೋಟಾರು ವಾಹನಗಳನ್ನೇ ವಾದ್ಯಗಳಾಗಿಸಿದರು. ಮುಸ್ಸಂಜೆಯಲ್ಲಿ ನಿಲ್ಲಿಸಿದ ಕಾರುಗಳಲ್ಲಿ ಕುಳಿತವರು ಕಲಸಿ ಹಂಚಿದ ಚೀಟಿಗಳನ್ನು ನೋಡಿ ಹಾರ್ನ್ ಒತ್ತಬೇಕು, ದೀಪ ಹಚ್ಚಬೇಕು, ಬಾಗಿಲು ತೆರೆದು ಮುಚ್ಚಬೇಕು. ಕೆಲವು ಚೀಟಿಗಳು ಸುಮ್ಮನಿರಲು ಹೇಳುತ್ತವೆ. ಕಾರಿನ ಸ್ವಿಚ್ಚುಗಳ ಪರಿಚಯವಿದ್ದರೆ ಯಾರೂ ಸೇರಬಹುದು. ಅದಕ್ಕೂ ಮುನ್ನ, 1959ರ ಅಕ್ಟೋಬರಿನಲ್ಲಿ, ಕಪ್ರೋ ರೂಬೆನ್ ಗ್ಯಾಲರಿಯನ್ನು ಪ್ಲಾಸ್ಟಿಕ್ ಹಾಳೆಗಳಿಂದ ಮೂರು ಕೋಣೆಗಳಾಗಿ ವಿಂಗಡಿಸಿದ್ದರು. ಯಾವಾಗ ಎದ್ದು ಯಾವ ಕೋಣೆಗೆ ಹೋಗಬೇಕೆಂಬ ಸೂಚನೆ ಪ್ರೇಕ್ಷಕರ ಕೈಯಲ್ಲೇ ಇತ್ತು. ‘ಹ್ಯಾಪನಿಂಗ್’ ಎಂಬ ಹೆಸರು ಕಲಾಲೋಕದಲ್ಲಿ ನೆಲೆಯೂರಿದ್ದು ಆ ಪ್ರದರ್ಶನದಿಂದ.

ಇಂಥ ಪ್ರಯೋಗಗಳನ್ನು ಹುಡುಗಾಟವೆಂದು ತಳ್ಳಿಹಾಕುವುದು ಅನ್ಯಾಯ. ಸದ್ದು ಯಾರದು, ಅದನ್ನು ಮಾಡುವ ಹಕ್ಕು ಯಾರಿಗಿದೆ ಎಂಬ ಗಂಭೀರ ಪ್ರಶ್ನೆ ಇವುಗಳ ಬೆನ್ನಿಗಿದೆ. ಅಂಕ ಕೊಡುವ ಅವಸರದಲ್ಲಿರುವ ಕಲಾಶಾಲೆಯಲ್ಲಿ ಆ ಪ್ರಶ್ನೆ ಏಳುವುದು ಕಷ್ಟ. ನಮ್ಮ ಕಲಾ ಕಾಲೇಜುಗಳು ವಾರಕ್ಕೆ ಒಂದು ಮಧ್ಯಾಹ್ನವನ್ನಾದರೂ ಪರೀಕ್ಷೆಯ ಹಂಗಿಲ್ಲದ ಪ್ರಯೋಗಕ್ಕೆ ಬಿಟ್ಟುಕೊಡಲಿ. ಸಂಗೀತ, ಚಿತ್ರಕಲೆ, ರಂಗಭೂಮಿ, ವಿಜ್ಞಾನದ ವಿದ್ಯಾರ್ಥಿಗಳೆಲ್ಲ ಅಲ್ಲಿ ಒಟ್ಟಿಗೆ ಕೂರಲಿ.